ವ್ಯಾಪಾರ ಮಾಡೋ ಹೆಣ್ಮಕ್ಕಳಿಗೆ ಯಾವ ಡೈರಿ ಬೇಕು, ಅದರಾಗ ಏನು ಬರೀಬೇಕು

ಬೈಲಹೊಂಗಲ: ಡಿಸೆಂಬರ್ ಬಂತಂದ್ರ ಬ್ಯಾಂಕು, ಸೊಸೈಟಿ, ವಿಮಾ ಏಜೆಂಟರ ಕಡೆಯಿಂದ ಡೈರಿ, ಕ್ಯಾಲೆಂಡರ್ ಮನೆಗೆ ಬರುತ್ತವೆ. ಕ್ಯಾಲೆಂಡರ್ ಅಡುಗೆಮನೆ ಗೋಡೆಗೆ ಹೋಗುತ್ತದೆ. ಡೈರಿ ಯಜಮಾನರ ಕಪಾಟಿನಲ್ಲಿ ಕೂರುತ್ತದೆ, ಇಲ್ಲಾಂದ್ರ ಮಕ್ಕಳು ಗೀಚುತ್ತಾರೆ. ಮನೆಯಲ್ಲಿ ನಿಜವಾಗಿ ದಿನ, ತಾರೀಖು, ಕೊಡೋದು, ತಗೊಳ್ಳೋದು ಲೆಕ್ಕ ಇಡಬೇಕಾದಾಕಿಗೆ, ಅಂದ್ರ ಬ್ಲೌಸ್ ಹೊಲಿಯುವ, ರೊಟ್ಟಿ ಬಡಿಯುವ, ಬಳೆ ಅಂಗಡಿ ನಡೆಸುವ, ಬ್ಯೂಟಿ ಪಾರ್ಲರ್ ಇಟ್ಟಿರುವ ಹೆಣ್ಣುಮಗಳಿಗೆ, ಒಂದು ಪುಟವೂ ಸಿಗುವುದಿಲ್ಲ. ಆಕೆ ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡಿರುತ್ತಾಳೆ.

ತಲೆಯಲ್ಲಿ ಇಟ್ಟಿದ್ದಕ್ಕೆ ಯಾರೂ ರುಜು ಹಾಕೋದಿಲ್ಲ. ಉದ್ರಿ ಕೊಟ್ಟಿದ್ದು ಮರೆತರೆ ಹೋಯಿತು, ಅಡ್ವಾನ್ಸ್ ತಗೊಂಡಿದ್ದು ಮರೆತರೆ ಜಗಳ. 2025ರ ಜುಲೈ ನಂತರ ಇನ್ನೊಂದು ಕಾರಣವೂ ಸೇರಿಕೊಂಡಿದೆ. ಅದು ಮುಂದೆ ಬರುತ್ತದೆ.

ಜನವರಿ ಡೈರಿ ಎಲ್ಲರಿಗೂ ಹೊಂದೋದಿಲ್ಲ

ಅಂಗಡಿಯಲ್ಲಿ ಸಿಗುವ ಪ್ಲಾನರ್, ಡೈರಿ ಎಲ್ಲವೂ ಜನವರಿ 1ಕ್ಕೆ ಶುರುವಾಗಿ ಡಿಸೆಂಬರ್ 31ಕ್ಕೆ ಮುಗಿಯುತ್ತವೆ. ನಮ್ಮ ಭಾಗದ ವ್ಯಾಪಾರದ ವರ್ಷ ಹಾಗೆ ನಡೆಯುವುದಿಲ್ಲ. ಹಳೆಯ ಅಂಗಡಿಕಾರರು ದೀಪಾವಳಿ ಲಕ್ಷ್ಮೀಪೂಜೆಗೆ ಹೊಸ ಕಿರ್ದಿ ಪುಸ್ತಕ ಪೂಜೆ ಮಾಡಿ ಲೆಕ್ಕ ಶುರು ಮಾಡುತ್ತಾರೆ. ಸರಕಾರದ, ಬ್ಯಾಂಕಿನ, ತೆರಿಗೆಯ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಪುರಸಭೆಯ ಟ್ರೇಡ್ ಲೈಸೆನ್ಸ್ ಕೂಡ ಸಾಮಾನ್ಯವಾಗಿ ಮಾರ್ಚ್ ಲೆಕ್ಕಕ್ಕೇ ಬರುತ್ತದೆ.

ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಬಳೆ, ಕುಂಕುಮ, ಭಂಡಾರ, ಕಾಯಿ ಮಾರುವವರನ್ನೇ ನೋಡಿ. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಅವರ ದೊಡ್ಡ ಸೀಸನ್. ಈ ಸಲ ಹೊಸ್ತಿಲ ಹುಣ್ಣಿಮೆ 2026ರ ಡಿಸೆಂಬರ್ 23-24ರ ಸುಮಾರಿಗೆ ಬೀಳುತ್ತದೆ. ಬನದ ಹುಣ್ಣಿಮೆ 2027ರ ಜನವರಿ 22, ಭಾರತ ಹುಣ್ಣಿಮೆ ಫೆಬ್ರವರಿ 20. ಅಂದ್ರ ಒಂದೇ ಸೀಸನ್ನು ಎರಡು ಡೈರಿಯಲ್ಲಿ ಹರಿದು ಹೋಗುತ್ತದೆ. ಮಾಲು ತಂದಿದ್ದು ಒಂದರಲ್ಲಿ, ಮಾರಿದ್ದು ಇನ್ನೊಂದರಲ್ಲಿ. ಲಾಭ ಆಯ್ತೋ ಲುಕ್ಸಾನ ಆಯ್ತೋ ನೋಡಬೇಕಂದ್ರ ಎರಡನ್ನೂ ತೆಗೆದುಕೊಂಡು ಕೂರಬೇಕು. ಗುಡ್ಡದ ವ್ಯಾಪಾರಸ್ಥರಿಗೆ ಏಪ್ರಿಲ್‌ನಿಂದ ಮಾರ್ಚ್ ಪುಸ್ತಕವೇ ಸರಿ. ಒಂದು ಪುಸ್ತಕದಲ್ಲಿ ಪೂರಾ ಜಾತ್ರೆ ಬರುತ್ತದೆ, ತೆರಿಗೆ ಲೆಕ್ಕಕ್ಕೂ ಅದೇ ವರ್ಷ.

ಟೇಲರಿಂಗ್, ಪಾರ್ಲರ್ ನಡೆಸುವವರಿಗೂ ಏಪ್ರಿಲ್ ಒಳ್ಳೆಯದು, ಏಕೆಂದರೆ ಲಗ್ನದ ಸೀಸನ್ ಅಲ್ಲಿಂದಲೇ ಜೋರಾಗುತ್ತದೆ. ಜನವರಿ ಡೈರಿ ಈಗಾಗಲೇ ಪುಕ್ಕಟೆ ಸಿಕ್ಕಿದ್ದರೆ ಬಿಸಾಡಬೇಕಾಗಿಲ್ಲ, ದಿನದ ಕೆಲಸ ಬರೆಯಲು ಇಟ್ಟುಕೊಳ್ಳಿ. ಹಣದ ಲೆಕ್ಕಕ್ಕೆ ಬೇರೆ ಪುಸ್ತಕ ಮಾಡಿ.

ಎಂಥಾ ಪುಸ್ತಕ

ಆನ್‌ಲೈನ್‌ನಲ್ಲಿ ಹೂವಿನ ಚಿತ್ರದ, ಸ್ಟಿಕ್ಕರ್ ಇರುವ, ‘ಇಂದಿನ ಗುರಿ’, ‘ಇಂದಿನ ಮೂಡ್’ ಅಂತೆಲ್ಲ ಕಾಲಂ ಇರುವ ಪ್ಲಾನರ್‌ಗಳು ನೂರಾರು ರೂಪಾಯಿಗೆ ಬರುತ್ತವೆ. ನೋಡಲು ಚಂದ. ಆದರೆ ಅವುಗಳಲ್ಲಿ ತಿಥಿ ಇಲ್ಲ, ಸಂತೆ ದಿನ ಇಲ್ಲ, ಉದ್ರಿ ಬರೆಯಲು ಜಾಗವಿಲ್ಲ, ಮೂಡ್ ಬರೆಯಲು ಮಾತ್ರ ಜಾಗ ಇದೆ.

ಸ್ಟೇಶನರಿ ಅಂಗಡಿಯಲ್ಲಿ ಸಿಗುವ ಎರಡು ಕ್ವೈರಿನ ಲಾಂಗ್ ಬುಕ್ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ಸಾಮಾನ್ಯವಾಗಿ 192 ಪುಟ ಇರುತ್ತವೆ. ಒಂದು ಪುಟಕ್ಕೆ ಗೆರೆ ಎಳೆದು ಎರಡು ದಿನ ಹಾಕಿದರೆ ವರ್ಷಕ್ಕೆ 183 ಪುಟ ಸಾಕು. ಉಳಿದ 9 ಪುಟದಲ್ಲಿ ವರ್ಷದ ಹಬ್ಬ-ಜಾತ್ರೆ, ಸಾಲದ ಕಂತು, ಮಾಲು ಕೊಡುವವರ ಫೋನ್ ನಂಬರ್ ಬರೆಯಬಹುದು.

ಎರಡು ವಿಷಯ ಮಾತ್ರ ನೋಡಿ ಕೊಳ್ಳಿ. ಹೊಲಿಗೆ ಹಾಕಿದ, ರಟ್ಟು ಕಟ್ಟಿದ ಪುಸ್ತಕ ಇರಲಿ. ಮತ್ತು ಮೊದಲ ದಿನವೇ ಎಲ್ಲಾ ಪುಟಕ್ಕೂ 1, 2, 3 ಅಂತ ನಂಬರ್ ಹಾಕಿ. ಇದು ಶಾಲೆಯ ಶಿಸ್ತಿಗಲ್ಲ, ಕಾನೂನಿನ ಕಾರಣಕ್ಕೆ. ವ್ಯಾಪಾರದಲ್ಲಿ ದಿನಾ ಕ್ರಮವಾಗಿ ಬರೆದಿಟ್ಟ ಲೆಕ್ಕದ ಪುಸ್ತಕವನ್ನು ಕೋರ್ಟು ಸಾಕ್ಷಿಯಾಗಿ ನೋಡುತ್ತದೆ. ಮೊದಲು ಸಾಕ್ಷ್ಯ ಕಾಯ್ದೆಯ 34ನೇ ಕಲಂ ಇತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 28ನೇ ಕಲಂ. ಕಂಪ್ಯೂಟರ್, ಮೊಬೈಲಿನಲ್ಲಿ ಇಟ್ಟ ಲೆಕ್ಕವೂ ಇದರೊಳಗೆ ಬರುತ್ತದೆ. ಆದರೆ ಬರೀ ಪುಸ್ತಕದ ಬರಹವೊಂದರಿಂದಲೇ ಯಾರ ಮೇಲೂ ಹಣದ ಹೊಣೆ ಹೊರಿಸಲು ಬರುವುದಿಲ್ಲ, ಜೊತೆಗೆ ಬೇರೆ ಆಧಾರ ಬೇಕು ಅಂತಲೂ ಅದೇ ಕಲಂ ಹೇಳುತ್ತದೆ.

ಬಿಡಿ ಹಾಳೆಗೆ ಈ ಬೆಲೆಯೂ ಇಲ್ಲ. ದೇಶವೇ ನೋಡಿದ ಜೈನ್ ಹವಾಲಾ ಡೈರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1998ರಲ್ಲಿ ಇದನ್ನೇ ಹೇಳಿತು. ಸುರುಳಿ ತಂತಿಯ ನೋಟ್‌ಬುಕ್ಕನ್ನು ‘ಪುಸ್ತಕ’ ಅಂತ ಒಪ್ಪಿತು, ಫೈಲಿನಲ್ಲಿದ್ದ ಬಿಡಿ ಹಾಳೆಗಳನ್ನು ಒಪ್ಪಲಿಲ್ಲ. ಅಲ್ಲಿದ್ದದ್ದು ಕೋಟಿಗಟ್ಟಲೆ ಲೆಕ್ಕ, ಇಲ್ಲಿರುವುದು ಮೂರು ಬ್ಲೌಸಿನ ಲೆಕ್ಕ. ಆದರೂ ಕ್ಯಾಲೆಂಡರಿನ ಹಿಂದೆ, ಬಿಸ್ಕಿಟ್ ಪುಡಿಕೆಯ ಮೇಲೆ ಬರೆಯುವ ಚಟ ಬಿಡಲು ಇಷ್ಟು ಸಾಕು.

ತಾರೀಖಿನ ಜೊತೆ ತಿಥಿ

ಪ್ಲಾನರ್ ಇಡುವ ದೊಡ್ಡ ಲಾಭ, ಹೋದ ವರ್ಷದ ಪುಟ ನೋಡಿ ಈ ವರ್ಷ ತಯಾರಿ ಮಾಡುವುದು. ಇಲ್ಲೇ ಬಹಳ ಮಂದಿ ಎಡವುತ್ತಾರೆ. 2025ರಲ್ಲಿ ನಾಗರಪಂಚಮಿ ಜುಲೈ 29ಕ್ಕೆ ಇತ್ತು. 2026ರಲ್ಲಿ ಆಗಸ್ಟ್ 17. 19 ದಿನ ಮುಂದೆ. ಯಾಕಂದ್ರ ಈ ವರ್ಷ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಮಾಸ ಬಿದ್ದಿದೆ. ‘ಜುಲೈ ಎರಡನೇ ವಾರ ಬ್ಲೌಸ್ ಪೀಸ್ ಗಿರಾಕಿ ಶುರು’ ಅಂತ ಹೋದ ವರ್ಷ ಬರೆದಿದ್ದನ್ನು ನಂಬಿ ಲೈನಿಂಗ್ ಬಟ್ಟೆ ತಂದಿಟ್ಟರೆ, ರೊಕ್ಕ ಮೂರು ವಾರ ಸುಮ್ಮನೆ ಕೂರುತ್ತದೆ. ಪಂಚಮಿ ಉಂಡಿ ಮಾರುವವರು ಶೇಂಗಾ, ಬೆಲ್ಲ ಬೇಗ ತಂದರೂ ಅದೇ ಕಥೆ. ಬರೆಯುವಾಗ ‘ಶ್ರಾವಣ ಶುದ್ಧ ಪಂಚಮಿಗೆ 20 ದಿನ ಮುಂಚೆ’ ಅಂತ ಬರೆದಿದ್ದರೆ ಯಾವ ವರ್ಷಕ್ಕೂ ಅದೇ ಲೆಕ್ಕ ನಡೆಯುತ್ತಿತ್ತು.

ಅಧಿಕ ಮಾಸದಲ್ಲಿ ನಮ್ಮಲ್ಲಿ ಲಗ್ನ ಇಟ್ಟುಕೊಳ್ಳುವುದು ಕಡಿಮೆ. ಮೇ ಅಂದ್ರ ಲಗ್ನ ಅಂತ ಲೆಕ್ಕ ಹಾಕುವ ಟೇಲರ್, ಮೆಹಂದಿ ಹಾಕುವವರು, ಅಡುಗೆ ಆರ್ಡರ್ ಹಿಡಿಯುವವರಿಗೆ ಇದು ದೊಡ್ಡ ವ್ಯತ್ಯಾಸ. ಇಂಥ ವರ್ಷ ಬಂದಾಗ ಆ ತಿಂಗಳ ಸಾಲದ ಕಂತಿಗೆ ಮುಂಚೆಯೇ ರೊಕ್ಕ ತೆಗೆದಿಡಬೇಕು.

ಎಲ್ಲವೂ ತಿಥಿ ಮೇಲೆ ನಡೆಯುತ್ತವೆ ಅಂತಲ್ಲ. ಕಿತ್ತೂರು ಉತ್ಸವ ಪ್ರತಿ ವರ್ಷ ಅಕ್ಟೋಬರ್ 23ರಿಂದ 25. ರಾಣಿ ಚೆನ್ನಮ್ಮನ ಸೈನ್ಯ 1824ರ ಅಕ್ಟೋಬರ್ 23ರಂದು ಬ್ರಿಟಿಷರನ್ನು ಸೋಲಿಸಿದ ದಿನ ಅದು, ಪಂಚಾಂಗ ನೋಡಬೇಕಿಲ್ಲ. ಸಂಗೊಳ್ಳಿ ರಾಯಣ್ಣ ಉತ್ಸವವೂ ಜನವರಿ 12-13ಕ್ಕೇ. ಈ ದಿನ ಸ್ಟಾಲ್ ಹಾಕುವವರು ತಾರೀಖನ್ನೇ ಬರೆಯಲಿ. ಗೊಡಚಿ ವೀರಭದ್ರೇಶ್ವರ ಜಾತ್ರೆ, ಎಲ್ಲಮ್ಮನ ಹುಣ್ಣಿಮೆ, ಊರ ಜಾತ್ರೆ ತಿಥಿಯಲ್ಲಿ ಬರೆಯಲಿ. ಉತ್ಸವ ಮತ್ತು ಹಬ್ಬ ಹತ್ತಿರ ಬಿದ್ದಾಗ ವಿಶೇಷ ಗುರುತು ಹಾಕಬೇಕು. 2026ರಲ್ಲಿ ವಿಜಯದಶಮಿ ಅಕ್ಟೋಬರ್ 20, ಮೂರೇ ದಿನಕ್ಕೆ ಕಿತ್ತೂರು ಉತ್ಸವ. ಎರಡಕ್ಕೂ ಮಾಲು ಒಂದೇ ಸಲ ತರಬೇಕಾಗುತ್ತದೆ.

ಗುಡ್ಡದಲ್ಲಿ ಮಂಗಳವಾರ, ಶುಕ್ರವಾರ ಮೊದಲಿನಿಂದಲೂ ಮಂದಿ ಹೆಚ್ಚು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ ಪುಕ್ಕಟೆ ಆದ ಮೇಲೆ ಹೆಣ್ಣುಮಕ್ಕಳ ಓಡಾಟ ಇನ್ನೂ ಜಾಸ್ತಿ. ಹಳೆ ಅಂದಾಜು ಬಿಟ್ಟು ಪ್ರತಿ ವಾರದ ಗಲ್ಲಾ ಬರೆದರೆ ಯಾವ ವಾರ ಎಷ್ಟು ಮಾಲು ಬೇಕು ಅಂತ ಒಂದೇ ವರ್ಷದಲ್ಲಿ ತಿಳಿಯುತ್ತದೆ.

‘ಆಗ್ತದ ತಗೋರಿ’ ಅನ್ನೋ ಮುಂಚೆ

ಗಿರಾಕಿ ಬಂದು ‘ಅಕ್ಕಾರ, ಪಂಚಮಿಗೆ ಬೇಕ್ರಿ’ ಅಂದರೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಡೈರಿ ಮುಂದೆ ಇದ್ದರೆ ಬರುತ್ತದೆ. ಒಬ್ಬಾಕೆ ದಿನಕ್ಕೆ 4 ಬ್ಲೌಸ್ ಹೊಲಿಯುತ್ತಾಳೆ ಅಂತ ಇಟ್ಟುಕೊಳ್ಳಿ. ಆಗಸ್ಟ್ 1ರಿಂದ 16ರವರೆಗೆ 16 ದಿನ, ಬಾಯಿ ಲೆಕ್ಕದಲ್ಲಿ 64 ಬ್ಲೌಸ್. ಆದರೆ ಅದರಲ್ಲಿ ನಳದ ನೀರು ಬರುವ ಮುಂಜಾನೆಗಳಿವೆ, ಹೆಸ್ಕಾಂನವರು ಲೈನ್ ರಿಪೇರಿಗೆ ಕರೆಂಟ್ ತೆಗೆಯುವ ದಿನವಿದೆ, ಸಂಘದ ಮೀಟಿಂಗ್ ಇದೆ, ಮನೆಯಲ್ಲಿ ಯಾರಿಗೋ ಜ್ವರ ಬರುತ್ತದೆ, ತನಗೇ ಹೊಟ್ಟೆನೋವು ಬರುವ ದಿನಗಳಿವೆ. ಎಲ್ಲ ಸೇರಿ 3 ದಿನ ತೆಗೆದರೆ ಉಳಿಯುವುದು 13 ದಿನ, 52 ಬ್ಲೌಸ್. ಅದರಲ್ಲಿ ಬೀಗರು, ನೆಗೆಣ್ಣಿ, ಓಣಿಯವರು ಅಂತ ಕೊನೆ ಗಳಿಗೆಯಲ್ಲಿ ಬಿಡಲಾಗದವು ಒಂದು 6. ಹೊರಗಿನ ಆರ್ಡರ್ 46ಕ್ಕೆ ನಿಲ್ಲಿಸಬೇಕು. 47ನೇ ಗಿರಾಕಿಗೆ ‘ಪಂಚಮಿ ಆದ ಮ್ಯಾಲೆ ಕೊಡ್ತೀನ್ರಿ’ ಅಂದರೆ ಆಕೆ ಇವತ್ತೊಂದು ದಿನ ಸಿಟ್ಟಾಗಬಹುದು. ಹೂಂ ಅಂದು ಹಬ್ಬದ ದಿನ ಕೊಡದಿದ್ದರೆ ಕಾಯಂ ಹೋಗುತ್ತಾಳೆ.

ಹಾಗಾಗಿ ಪ್ಲಾನರಿನಲ್ಲಿ ಮೊದಲು ಬರೆಯಬೇಕಾದ್ದು ಆರ್ಡರ್ ಅಲ್ಲ, ಕೆಲಸ ಆಗದ ದಿನಗಳು. ನೀರಿನ ದಿನ, ಮಕ್ಕಳ ಪರೀಕ್ಷೆ, ಮನೆಯ ಕಾರ್ಯ, ತವರಿಗೆ ಹೋಗುವ ದಿನ ಎಲ್ಲವನ್ನೂ ತಿಂಗಳ ಮೊದಲ ದಿನವೇ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಬಿಡಿ. ಗಂಡಸರ ಅಂಗಡಿಗೆ ಇಂಥ ದಿನ ಕಡಿಮೆ. ಪೇಟೆಯಿಂದ ಬರುವ ಪ್ಲಾನರ್‌ಗಳಲ್ಲಿ ಇವುಗಳಿಗೆ ಕಾಲಂ ಇಲ್ಲದಿರುವುದಕ್ಕೆ ಅದೇ ಕಾರಣ ಇರಬೇಕು.

ಆರ್ಡರ್ ಬರೆಯುವಾಗ ಹೆಸರು, ತಂದ ದಿನ, ಕೊಡುವ ದಿನ, ಒಟ್ಟು ದರ, ಅಡ್ವಾನ್ಸ್, ಬಾಕಿ. ಕೊಡುವ ದಿನವನ್ನು ಗಿರಾಕಿಗೆ ಹೇಳಿದ್ದಕ್ಕಿಂತ ಎರಡು ದಿನ ಮುಂಚಿನ ಪುಟದಲ್ಲಿ ಬರೆಯಿರಿ. ರಾಮದುರ್ಗದ ಕಡೆ ನೇಕಾರ ಮನೆಗಳಲ್ಲಿ ಕಂಡಿಕೆ ಸುತ್ತುವ, ಕೂಲಿ ಲೆಕ್ಕದಲ್ಲಿ ಸೀರೆ ನೇಯುವ ಹೆಣ್ಣುಮಕ್ಕಳಿಗೆ ಕಾಲಂ ಬೇರೆ: ತಂದ ನೂಲಿನ ತೂಕ, ಕೊಟ್ಟ ಸೀರೆ, ಉಳಿದ ನೂಲು, ಬಂದ ಕೂಲಿ. ಮಾಲಕರ ಪುಸ್ತಕದಲ್ಲಿ ಒಂದು ಲೆಕ್ಕ ಇರುತ್ತದೆ. ತಮ್ಮದೂ ಒಂದು ಇದ್ದರೆ ತೂಕದ ತಕರಾರು ಬಂದಾಗ ಮಾತಾಡಲು ಧೈರ್ಯ ಬರುತ್ತದೆ.

ಉದ್ರಿ ಪುಟ

ಉದ್ರಿ ಬೇರೆ ಪುಟದಲ್ಲೇ ಇರಲಿ, ಗಿರಾಕಿಗೊಂದು ಪುಟ. ಗಡುವು ಹೇಳದೆ ಮಾಲು ಕೊಟ್ಟಿದ್ದರೆ ಕೊಟ್ಟ ದಿನದಿಂದ 3 ವರ್ಷದೊಳಗೆ ಕೋರ್ಟಿಗೆ ಹೋಗಬೇಕು, ಕಾಲಮಿತಿ ಕಾಯ್ದೆ ಅದನ್ನೇ ಹೇಳುತ್ತದೆ. ‘ಇಂಥ ತಾರೀಖಿಗೆ ಕೊಡ್ತೀನಿ’ ಅಂತ ಮಾತಾಗಿದ್ದರೆ ಆ ತಾರೀಖಿನಿಂದ 3 ವರ್ಷ. ಹೊಲಿಗೆಯಂಥ ಕೆಲಸಕ್ಕೆ ಕೆಲಸ ಮುಗಿದ ದಿನದಿಂದ. ಬಹಳ ಮಂದಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಆ 3 ವರ್ಷ ಮುಗಿಯುವ ಮುಂಚೆ ‘ಇಷ್ಟು ಬಾಕಿ ಇದೆ’ ಅಂತ ಬರೆದಿದ್ದಕ್ಕೆ ಗಿರಾಕಿ ರುಜು ಹಾಕಿದರೆ, ಆ ರುಜುವಿನ ದಿನದಿಂದ ಹೊಸದಾಗಿ 3 ವರ್ಷ ಶುರುವಾಗುತ್ತದೆ. ಇದು ಅದೇ ಕಾಯ್ದೆಯ 18ನೇ ಕಲಂ. ಬರೆಯಲು ಬಾರದವರ ಹೆಬ್ಬೆಟ್ಟು ಕೂಡ ರುಜುವಿನ ಸಮಾನ.

ಓಣಿಯವರ ಮೇಲೆ ಯಾರೂ ಕೇಸು ಹಾಕುವುದಿಲ್ಲ, ಅದು ಬೇರೆ ಮಾತು. ಆದರೆ ದೀಪಾವಳಿ ಮುಂಚೆ ವರ್ಷಕ್ಕೊಮ್ಮೆ ಪುಸ್ತಕ ತೆರೆದು ‘ಇಷ್ಟು ಉಳದೈತ್ರಿ, ಒಂದು ಸಹಿ ಮಾಡ್ರಿ, ಲಕ್ಷ್ಮೀಪೂಜೆಗೆ ಹೊಸ ಪುಸ್ತಕಕ್ಕ ಏರಿಸ್ತೀನಿ’ ಅಂದರೆ ಯಾರಿಗೂ ಅವಮಾನ ಆಗುವುದಿಲ್ಲ. ಅರ್ಧ ಮಂದಿ ಸಹಿ ಮಾಡುವ ಬದಲು ರೊಕ್ಕವನ್ನೇ ಕೊಟ್ಟು ಹೋಗುವುದೂ ಉಂಟು.

ಸ್ಕ್ಯಾನರ್ ಯಾರ ಹೆಸರಲ್ಲಿದೆ?

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿ, ತರಕಾರಿ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತು. 2021-22ರಿಂದ 2024-25ರವರೆಗಿನ ಲೆಕ್ಕ ಅದು. ವ್ಯಾಪಾರಿಗಳು ಬಂದ್‌ಗೆ ಇಳಿಯುವುದಾಗಿ ಹೇಳಿದ ಮೇಲೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಹಳೆ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮಿತಿ ದಾಟಿದವರು ನೋಂದಣಿ ಮಾಡಿಸಲೇಬೇಕು ಅಂತ ಹೇಳಿದರು.

ಸರಕು ಮಾರುವವರಿಗೆ ಮಿತಿ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ. ದಿನದ ಲೆಕ್ಕಕ್ಕೆ ಭಾಗಿಸಿದರೆ 40 ಲಕ್ಷ ಅಂದ್ರ ದಿನಕ್ಕೆ ಸರಾಸರಿ 10,959 ರೂಪಾಯಿ, 20 ಲಕ್ಷ ಅಂದ್ರ 5,479. ಡೈರಿಯಲ್ಲಿ ದಿನದ ಗಲ್ಲಾ ಬರೆಯುವವರಿಗೆ ತಾವು ಎಲ್ಲಿದ್ದೇವೆ ಅಂತ ತಿಂಗಳಲ್ಲೇ ಗೊತ್ತಾಗುತ್ತದೆ. ಹೆಚ್ಚಿನವರು ಈ ಮಿತಿಗೆ ಬಹಳ ಕೆಳಗೇ ಇರುತ್ತಾರೆ. ತೊಂದರೆ ಬರುವುದು ಹಣ ಕಲಸಿ ಹೋದಾಗ. ಅಂಗಡಿ ಹೆಂಡತಿಯದು, ಸ್ಕ್ಯಾನರ್ ಗಂಡನ ಖಾತೆಯದು. ಅದೇ ಖಾತೆಗೆ ಆತನ ಹತ್ತಿ ಮಾರಿದ ರೊಕ್ಕ, ತಮ್ಮನಿಗೆ ಕೊಟ್ಟ ಕೈಗಡ ವಾಪಸ್ ಬಂದಿದ್ದು, ಸಂಘದ ಸಾಲ ಎಲ್ಲವೂ ಬಿದ್ದರೆ ಕಂಪ್ಯೂಟರಿಗೆ ಎಲ್ಲವೂ ವ್ಯಾಪಾರವಾಗಿಯೇ ಕಾಣುತ್ತದೆ. ಇದು ಕೈಗಡ, ಇದು ಹತ್ತಿ ರೊಕ್ಕ ಅಂತ ತೋರಿಸಲು ಆ ದಿನದ ಡೈರಿ ಪುಟ ಬೇಕು. ಅದಕ್ಕಿಂತ ಒಳ್ಳೆಯದು ಅಂಗಡಿಗೆ ಆಕೆಯ ಹೆಸರಿನಲ್ಲೇ ಒಂದು ಖಾತೆ, ಅದಕ್ಕೆ ಸ್ಕ್ಯಾನರ್. ಗೃಹಲಕ್ಷ್ಮಿಯ 2,000 ರೂಪಾಯಿ ಬರುವ ಖಾತೆ ಬೇರೆಯೇ ಇರಲಿ.

ಮಾರಿದ್ದನ್ನು ಎರಡು ಸಾಲಿನಲ್ಲಿ ಬರೆಯುವುದೂ ಒಳ್ಳೆಯದು. ಗಾಜಿನ ಬಳೆ, ಕುಂಕುಮ, ತೆಂಗಿನಕಾಯಿ, ಹಾಲು, ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ. ಕರ್ಪೂರಕ್ಕೆ, ಅರಿಷಿಣ ಪುಡಿಗೆ ಇದೆ. ತೆರಿಗೆ ಇಲ್ಲದ ಮಾಲನ್ನಷ್ಟೇ ಮಾರುವವರು ನೋಂದಣಿ ಮಾಡಿಸಬೇಕಾಗಿಲ್ಲ. ಎರಡೂ ಮಾರುವವರಿಗೆ ಎರಡೂ ಸೇರಿಸಿ 40 ಲಕ್ಷದ ಲೆಕ್ಕ ಹಿಡಿಯುತ್ತಾರೆ. ಗುಡ್ಡದ ಒಂದೇ ಅಂಗಡಿಯಲ್ಲಿ ಬಳೆಯೂ ಇರುತ್ತದೆ, ಕರ್ಪೂರವೂ ಇರುತ್ತದೆ.

ಈಗಾಗಲೇ ಕಾಂಪೊಸಿಶನ್‌ನಲ್ಲಿ ನೋಂದಣಿ ಆದವರು ಮೂರು ತಿಂಗಳಿಗೊಮ್ಮೆ, ಮುಂದಿನ ತಿಂಗಳ 18ನೇ ತಾರೀಖನ್ನು ಕೆಂಪು ಪೆನ್ನಿನಲ್ಲಿ ಬರೆಯಲಿ: ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ. ಆಹಾರ ಮಾರುವವರು ಎಫ್‌ಎಸ್‌ಎಸ್‌ಎಐ ನೋಂದಣಿ ಪತ್ರದ ಮೇಲೆ ಮುಗಿಯುವ ದಿನ ಇದ್ದರೆ ಅದನ್ನೂ ಒಂದು ತಿಂಗಳ ಮುಂಚಿನ ಪುಟದಲ್ಲಿ ಬರೆದಿಡಲಿ.

ಕಂತು, ಮತ್ತು ‘ಮನಿಗೆ’ ಕಾಲಂ

ವಾರದ ಕಂತಿನ ಸಾಲ ಚಿಕ್ಕದಾಗಿ ಕಾಣುತ್ತದೆ. ಮೂರು ಕಡೆ 1,100, 850, 700 ಇದ್ದರೆ ವಾರಕ್ಕೆ 2,650. ತಿಂಗಳಿಗೆ ನಾಲ್ಕೇ ವಾರ ಅಂತ ಗುಣಿಸಿದರೆ ತಪ್ಪು, ವರ್ಷಕ್ಕೆ 52 ವಾರ. ಹಾಗೆ ನೋಡಿದರೆ ತಿಂಗಳಿಗೆ ಸುಮಾರು 11,480 ರೂಪಾಯಿ. ಕುಟುಂಬದ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಹಣ ಕಂತಿಗೆ ಹೋಗಬಾರದು ಅಂತ ಮೈಕ್ರೋಫೈನಾನ್ಸ್ ಸಾಲಗಳಿಗೆ ರಿಸರ್ವ್ ಬ್ಯಾಂಕಿನ 2022ರ ನಿಯಮ ಇದೆ. ಅದರ ಪ್ರಕಾರ ಈ ಮನೆಗೆ ಸುಮಾರು 23,000 ಆದಾಯ ಇರಬೇಕು. ನಾಲ್ಕನೇ ಸಾಲಕ್ಕೆ ಸಹಿ ಮಾಡುವ ಮುಂಚೆ ಡೈರಿಯ ಹಿಂದಿನ ಮೂರು ತಿಂಗಳು ತಿರುವಿ ಹಾಕಿ, ಅಷ್ಟು ಬಂದಿದೆಯೋ ಇಲ್ಲವೋ ಅಂತ ನೋಡಬೇಕು. ಸಾಲ ಕೊಟ್ಟವರು ಲೋನ್ ಕಾರ್ಡ್ ಕೊಟ್ಟು ಪ್ರತಿ ಕಂತಿಗೂ ಅದರಲ್ಲಿ ನಮೂದು ಮಾಡಬೇಕು ಅಂತಲೂ ಅದೇ ನಿಯಮದಲ್ಲಿದೆ. ಕಾರ್ಡನ್ನು ಡೈರಿಯೊಳಗೇ ಇಡಿ, ಕಟ್ಟಿದ ದಿನ ಡೈರಿಯಲ್ಲೂ ಬರೆಯಿರಿ. ಬಲವಂತದ ವಸೂಲಿ ತಡೆಯಲು 2025ರಲ್ಲಿ ರಾಜ್ಯ ಸರಕಾರ ಕಾನೂನು ತಂದಿದೆ. ದೂರು ಕೊಡಲು ಹೋದವರಿಗೆ ಪೊಲೀಸರು ಮೊದಲು ಕೇಳುವುದು ಎಷ್ಟು ತಗೊಂಡ್ರಿ, ಎಷ್ಟು ಕಟ್ಟಿದ್ರಿ ಅಂತಲೇ.

ಎಲ್ಲಕ್ಕಿಂತ ಕಷ್ಟದ ಕಾಲಂ ‘ಮನಿಗೆ’. ಗಲ್ಲಾದಿಂದ ಹಾಲಿಗೆ, ಗ್ಯಾಸಿಗೆ, ಮಗನ ಫೀಸಿಗೆ, ಯಜಮಾನರ ಪೆಟ್ರೋಲಿಗೆ ಅಂತ ದಿನಾ ಐವತ್ತು ನೂರು ಹೋಗುತ್ತಿರುತ್ತದೆ. ಸಂಜೆಗೆ ‘ಏನೂ ಉಳಿಯೋದಿಲ್ರಿ ಈ ಧಂದೆದಾಗ’ ಅಂತ ಮಾತು ಬರುತ್ತದೆ. ತೆಗೆದಷ್ಟನ್ನೂ, ಹತ್ತು ರೂಪಾಯಿ ಇದ್ದರೂ, ‘ಮನಿಗೆ’ ಅಂತ ಬರೆದು ತಿಂಗಳ ಕೊನೆಗೆ ಕೂಡಿಸಿದರೆ ಬೇರೆಯೇ ಚಿತ್ರ ಕಾಣುತ್ತದೆ. ದಿನಕ್ಕೆ 150 ಅಂದರೂ ತಿಂಗಳಿಗೆ 4,500, ವರ್ಷಕ್ಕೆ 54 ಸಾವಿರ ಮೇಲೆ. ಧಂದೆ ನಷ್ಟದಲ್ಲಿಲ್ಲ, ಮನೆ ಅದರ ಮೇಲೆ ನಡೆಯುತ್ತಿದೆ. ‘ಅಂಗಡಿ ಮುಚ್ಚು, ಏನ್ ಬರ್ತದ’ ಅಂತ ಮನೆಯಲ್ಲಿ ಮಾತು ಎದ್ದಾಗ ಮುಂದಿಡಲು ಆ ಮೊತ್ತ ಬೇಕಾಗುತ್ತದೆ. ಈ ಕಾಲಂ ಕಂಡು ಕೆಲವು ಮನೆಗಳಲ್ಲಿ ಸಿಟ್ಟು ಬರುವುದೂ ಇದೆ, ‘ಮನಿ ಮಂದಿ ಲೆಕ್ಕಾ ಬರಿತೀ ಏನ್’ ಅಂತ. ಹೆಸರು ಬರೆಯುವ ಅಗತ್ಯವಿಲ್ಲ, ಮೊತ್ತ ಇದ್ದರೆ ಸಾಕು.

ಮುದ್ರಾ ಸಾಲಕ್ಕೆ ಬ್ಯಾಂಕಿಗೆ ಹೋದಾಗಲೂ ತಿಂಗಳಿಗೆ ಎಷ್ಟು ವ್ಯಾಪಾರ, ಎಷ್ಟು ಉಳಿಯುತ್ತದೆ ಅಂತ ಕೇಳುತ್ತಾರೆ. ಶಿಶು ವರ್ಗದಲ್ಲಿ 50,000ದವರೆಗೆ, ಕಿಶೋರದಲ್ಲಿ 5 ಲಕ್ಷದವರೆಗೆ ಸಾಲವಿದೆ. ಆರು ತಿಂಗಳ ಪುಸ್ತಕ ಕೈಯಲ್ಲಿದ್ದರೆ ಉತ್ತರ ಅಂದಾಜಿನ ಮೇಲೆ ಹೇಳಬೇಕಾಗಿಲ್ಲ.

ಮೊಬೈಲ್ ಸಾಕಾಗೋದಿಲ್ಲವೇ?

ನೆನಪು ಮಾಡಲು ಮೊಬೈಲ್ ಒಳ್ಳೆಯದು. ಕಂತಿನ ದಿನ, 18ನೇ ತಾರೀಖು, ಆರ್ಡರ್ ಕೊಡುವ ದಿನಕ್ಕೆ ಅಲಾರಾಂ ಇಟ್ಟರೆ ಅದು ಹೊಡೆದುಕೊಳ್ಳುತ್ತದೆ, ಡೈರಿ ಹೊಡೆದುಕೊಳ್ಳುವುದಿಲ್ಲ. ಲೆಕ್ಕದ ಆ್ಯಪ್‌ಗಳೂ ಇವೆ. ಆದರೆ ಮನೆಯ ಒಂದೇ ಮೊಬೈಲನ್ನು ಮಗ ಗೇಮ್ ಆಡಲು ಒಯ್ದರೆ ಲೆಕ್ಕವೂ ಅವನ ಜೊತೆ ಹೋಗುತ್ತದೆ. ಹಿಟ್ಟಿನ ಕೈಯಲ್ಲಿ ರೊಟ್ಟಿ ಬಡಿಯುತ್ತಾ ಸ್ಕ್ರೀನ್ ಒತ್ತಲೂ ಬರುವುದಿಲ್ಲ, ಗಿರಾಕಿಯ ರುಜು ಹಾಕಿಸಲೂ ಬರುವುದಿಲ್ಲ. ಪುಸ್ತಕದಲ್ಲಿ ಬರೆದು ವಾರಕ್ಕೊಮ್ಮೆ ಆ ಪುಟದ ಫೋಟೋ ತೆಗೆದಿಟ್ಟರೆ ಎರಡರ ಲಾಭವೂ ಸಿಗುತ್ತದೆ. ಪುಸ್ತಕ ನೀರಿಗೆ ಬಿದ್ದರೂ ಫೋಟೋ ಇರುತ್ತದೆ.

ಬರೆಯಲು ವೇಳೆ ರಾತ್ರಿ ಇಡಬೇಡಿ, ಊಟ ಆದ ಮೇಲೆ ಕಣ್ಣು ಎಳೆಯುತ್ತವೆ. ಗಲ್ಲಾ ಎಣಿಸುವಾಗಲೇ ಬರೆಯಿರಿ. ತಪ್ಪಾದರೆ ವೈಟ್ನರ್ ಹಚ್ಚಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಮೊತ್ತ ಬರೆದು ಚಿಕ್ಕ ಸಹಿ ಮಾಡಿ. ಪುಟ ಹರಿಯಬೇಡಿ, ನಂಬರ್ ತಪ್ಪುತ್ತದೆ.

ವರ್ಷ ಮುಗಿದ ಪುಸ್ತಕವನ್ನು ರದ್ದಿಗೆ ಹಾಕಬಾರದು. ಉದ್ರಿ ಇದ್ದರೆ ಕನಿಷ್ಠ 3 ವರ್ಷ ಇಡಬೇಕು, ರುಜು ಹೊಸದಾಗಿದ್ದರೆ ಅಲ್ಲಿಂದ ಮತ್ತೆ 3 ವರ್ಷ. ಜಿಎಸ್‌ಟಿ ನೋಂದಣಿ ಇರುವವರು ಆ ವರ್ಷದ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಇಟ್ಟುಕೊಳ್ಳಬೇಕು ಅಂತ ಕಾಯ್ದೆಯಲ್ಲೇ ಇದೆ. ರಟ್ಟಿನ ಮೇಲೆ ವರ್ಷ ಬರೆದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಗೆದ್ದಲು ಹತ್ತದ ಕಡೆ, ಮನೆ ಪತ್ರದ ಜೊತೆ ಇಡುವುದು ಸರಿ.